ದಿನಕ್ಕೊಂದು ಕ್ಯಾಶ್, 611ನೆಯ ದಿನ: ಉಳಿದ 119 ದಿನಗಳನ್ನು ತುಂಬಿಸುವುದು ಹೇಗೆ?

ನಿತ್ಯಾನ್ವೇಷಿ:

ಬೇರೆಯವರು ಬಚ್ಚಿಟ್ಟ ಡಬ್ಬಿಗಳನ್ನು, ಅಂದರೆ ಕ್ಯಾಶ್‌ಗಳನ್ನು, ಜಿಪಿಎಸ್ ನಿರ್ದೇಶಾಂಕ ಹಿಡಿದು ಹುಡುಕಿ, ಒಳಗಿನ ಹಾಳೆಗೆ ಸಹಿ ಹಾಕಿ, ಜಾಲತಾಣದಲ್ಲಿ ಲಾಗ್ ದಾಖಲಿಸುವ ಜಿಯೋಕ್ಯಾಶಿಂಗ್ ಆಟ ನನ್ನ ಹವ್ಯಾಸ. ಸೇತುವೆಯ ಕಂಬಿಯ ಅಡಿಯಲ್ಲಿ ಅಯಸ್ಕಾಂತದಿಂದ ಅಂಟಿಕೊಂಡಿದ್ದ, ಬೆರಳ ತುದಿಯಷ್ಟೇ ಇದ್ದ ನ್ಯಾನೋ ಡಬ್ಬಿಯ ಲಾಗ್ ಸುರುಳಿಗೆ ಇಂದು ಸಂಜೆ ಸಹಿ ಹಾಕಿದೆ. ಅಲ್ಲಿಗೆ ನನ್ನ ದೈನಂದಿನ ಪತ್ತೆಗಳ ಸರಣಿಗೆ 611 ದಿನಗಳಾದವು. 730 ದಿನ, ಅಂದರೆ ಎರಡು ವರ್ಷ ತುಂಬಿಸಬೇಕೆಂಬ ಆಸೆಯಿದೆ, ಉಳಿದಿರುವುದು 119. ಸಂಖ್ಯೆಯನ್ನು ನೋಡಿದರೆ ದಡ ಹತ್ತಿರವಿದೆ, ನಕ್ಷೆಯನ್ನು ತೆರೆದರೆ ಹಾಗೆ ಅನ್ನಿಸುವುದಿಲ್ಲ. ಮನೆಯಿಂದ 12 ಕಿಲೋಮೀಟರ್ ಒಳಗೆ ನಾನು ಸಹಿ ಹಾಕದೆ ಉಳಿದಿರುವ ಕ್ಯಾಶ್‌ಗಳು 43 ಮಾತ್ರ. ಅವುಗಳಲ್ಲಿ 19 ನನ್ನಿಂದ ಬಿಡಿಸಲಾಗದ ಮಿಸ್ಟರಿಗಳು (ಒಗಟು ಬಿಡಿಸಿದರೆ ಮಾತ್ರ ಜಾಗ ತಿಳಿಯುವಂಥವು), ಆರಕ್ಕೆ ಈಗಾಗಲೇ ನನ್ನ ಡಿಎನ್‌ಎಫ್ (ಹುಡುಕಿಯೂ ಸಿಗಲಿಲ್ಲವೆಂಬ ಲಾಗ್) ಬಿದ್ದಿದೆ, ಇನ್ನೆರಡು, ಮರ ಹತ್ತದೆ ಕೈಗೆ ಸಿಗುವಂಥವಲ್ಲ. ಕಳೆದು ಉಳಿಯುವುದು 16.

ಆರಂಭದಲ್ಲಿ ಇಂಥ ಉದ್ದೇಶವೇ ಇರಲಿಲ್ಲ. ಮೂರು ವಾರ ಒಂದು ದಿನವೂ ತಪ್ಪಿಲ್ಲವೆಂದು ಅಂಕಿಅಂಶ ಪುಟ ತೋರಿಸಿದ ಮೇಲೆಯೇ ಗೀಳು ಹತ್ತಿದ್ದು. ಹೀಗಾಗಿ ಮೊದಲ ಎಂಟು ತಿಂಗಳು ಮನೆಗೆ ಹತ್ತಿರವಿದ್ದುದನ್ನೆಲ್ಲ ಹಿಂದೆಮುಂದೆ ನೋಡದೆ ಮುಗಿಸಿದೆ. ನನ್ನ ಪ್ರಶ್ನೆಗಳು ಎರಡು. ದೀರ್ಘ ಸರಣಿಯನ್ನು ನಡೆಸಿದವರು ಮುಂದಿನ ದಿನಗಳಿಗೆಂದು ಕ್ಯಾಶ್‌ಗಳನ್ನು ಹೇಗೆ ಉಳಿಸಿಕೊಳ್ಳುತ್ತೀರಿ? ಮಧ್ಯರಾತ್ರಿಯ ಅಂಚಿನಲ್ಲಿ ಸಿಕ್ಕ ಕ್ಯಾಶ್‌ಗೆ ಯಾವ ದಿನಾಂಕ ಹಾಕುತ್ತೀರಿ?

ತುಕ್ಕುಡಬ್ಬಿ:

ನಿತ್ಯಾನ್ವೇಷಿ ಅವರೆ, ಎರಡನೆಯ ಪ್ರಶ್ನೆಯನ್ನು ಬೇರೆಯವರಿಗೆ ಬಿಟ್ಟು ಮೊದಲನೆಯದಕ್ಕೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ನೀವು ಮಾಡಿದ ತಪ್ಪನ್ನೇ ನಾನೂ ಮಾಡಿ ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದವನು.

ಸುಲಭವಾಗಲೆಂದು ಚದರ ಕಿಲೋಮೀಟರಿಗೆ ಒಂದು ಕ್ಯಾಶ್ ಇದೆಯೆಂದು ಹಿಡಿಯೋಣ. 365 ಕ್ಯಾಶ್‌ಗಳು ಬೇಕಾದರೆ ಮನೆಯ ಸುತ್ತ 10.8 ಕಿಲೋಮೀಟರ್ ತ್ರಿಜ್ಯದ ವೃತ್ತ ಸಾಕು. 730ಕ್ಕೆ ಅದು 15.2 ಆಗುತ್ತದೆ, ಮೂರು ವರ್ಷಕ್ಕೆ 18.7. ವಿಸ್ತೀರ್ಣವು ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ವೃತ್ತವು ಹಿಗ್ಗುವ ವೇಗ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ. ಇದನ್ನು ಕಂಡು ನಾನು ಒಮ್ಮೆ ಸಮಾಧಾನಪಟ್ಟಿದ್ದೆ. ಆದರೆ ಹತ್ತಿರದ್ದನ್ನು ಮೊದಲು ಮುಗಿಸಿದವರಿಗೆ ಎರಡನೆಯ ವರ್ಷದಲ್ಲಿ ವೃತ್ತದ ಒಳಭಾಗ ಪೂರ್ತಿ ಖಾಲಿಯಾಗಿರುತ್ತದೆ. ಕೆಲಸದ ದಿನವಿರಲಿ, ಜ್ವರದ ದಿನವಿರಲಿ, ಹೊರಗಿನ ಉಂಗುರದವರೆಗೆ, ಅಂದರೆ 10.8ರಿಂದ 15.2 ಕಿಲೋಮೀಟರ್ ದೂರಕ್ಕೆ ಹೋಗಲೇಬೇಕು.

ಯಾವ ಕ್ರಮದಲ್ಲಿ ಹುಡುಕಿದರೂ ಎರಡು ವರ್ಷದ ಒಟ್ಟು ಓಡಾಟ ಹೆಚ್ಚುಕಡಿಮೆ ಒಂದೇ. ದಿನಕ್ಕೊಂದರಂತೆ ಮನೆಯಿಂದಲೇ ಹೊರಟರೆ ಆ 730 ಕ್ಯಾಶ್‌ಗಳ ಸರಾಸರಿ ದೂರ ಸುಮಾರು 10 ಕಿಲೋಮೀಟರ್ ಆಗಿಯೇ ಇರುತ್ತದೆ. ದೂರದವುಗಳನ್ನು ಬಿಡುವಿನ ದಿನಗಳಿಗೂ ಬಾಗಿಲಲ್ಲಿರುವವುಗಳನ್ನು ಕೆಟ್ಟ ದಿನಗಳಿಗೂ ಇಟ್ಟುಕೊಂಡವನು ಉಳಿಯುತ್ತಾನೆ, ತಿರುಗಾಮುರುಗಾ ಮಾಡಿದವನು 600ರ ಆಸುಪಾಸಿನಲ್ಲಿ ಇಂಥ ಪ್ರಶ್ನೆ ಕೇಳುತ್ತಾನೆ. ಬೇಸರ ಮಾಡಿಕೊಳ್ಳಬೇಡಿ, ನಾನು ಇದನ್ನು 480ನೆಯ ದಿನವೇ ಕೇಳಿದ್ದೆ.

ಸಾಲುಕ್ಯಾಶ್‌ಗಳ ಬಗ್ಗೆಯೂ ಒಂದು ಎಚ್ಚರಿಕೆ. ಎರಡು ಭೌತಿಕ ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕೆಂಬ ನಿಯಮದಂತೆ 10 ಕಿಲೋಮೀಟರಿನ ಒಂದು ದಾರಿಯಲ್ಲಿ 60ಕ್ಕಿಂತ ಹೆಚ್ಚು ಡಬ್ಬಿಗಳನ್ನು ಇಡಬಹುದು, ಪವರ್ ಟ್ರೇಲ್ ಎನ್ನುವುದು ಇದನ್ನೇ. ಉತ್ಸಾಹದಲ್ಲಿ ಒಂದೇ ದಿನ ಅಷ್ಟನ್ನೂ ಮುಗಿಸಿದರೆ ಒಟ್ಟು ಎಣಿಕೆ 60 ಏರುತ್ತದೆ, ಸರಣಿ ಏರುವುದು ಒಂದೇ ದಿನ. ಎರಡು ತಿಂಗಳ ದಾಸ್ತಾನು ಒಂದು ಮಧ್ಯಾಹ್ನದಲ್ಲಿ ಕರಗಿಹೋದಂತೆ.

ಒದ್ದೆಹಾಳೆ:

ಸರಣಿಯವರ ಲೆಕ್ಕಾಚಾರದ ನಡುವೆ ಡಬ್ಬಿ ಇಟ್ಟವರ ಕಡೆಯಿಂದಲೂ ನಾಲ್ಕು ಮಾತು ಹೇಳಲು ಅನುಮತಿ ಕೋರುತ್ತೇನೆ. ನಾನು 11 ಕ್ಯಾಶ್‌ಗಳನ್ನು ನಿರ್ವಹಿಸುತ್ತಿದ್ದೇನೆ. ಅವುಗಳಲ್ಲಿ ಒಂದು ದೊಡ್ಡ ರಸ್ತೆಯ ಪಕ್ಕದಲ್ಲಿದೆ. ಹುಡುಕುವ ಕಷ್ಟದ ಅಂಕ 1.5, ದಾರಿಯ ನೆಲದ ಅಂಕ 1.5, ಅಂದರೆ ಎರಡೂ ಸುಲಭ, ದಿನದ ಯಾವ ಹೊತ್ತಿನಲ್ಲಾದರೂ ಹೋಗಬಹುದೆಂಬ ಗುರುತನ್ನೂ ಹಾಕಿದ್ದೇನೆ. ಇಂಥದನ್ನೇ ಸರಣಿಯವರು ಹುಡುಕುತ್ತಾರೆಂದು ಇಡುವಾಗ ನನಗೆ ಹೊಳೆದಿರಲಿಲ್ಲ. ಆ ಡಬ್ಬಿಗೆ ಬರುವ ಲಾಗ್‌ಗಳಲ್ಲಿ ಅರ್ಧದಷ್ಟು ರಾತ್ರಿ ಹನ್ನೊಂದರ ಮೇಲಿನವು, ಅವುಗಳಲ್ಲಿ ಹೆಚ್ಚಿನವು ಟಿಎಫ್‌ಟಿಸಿ (ಕ್ಯಾಶ್‌ಗಾಗಿ ಧನ್ಯವಾದ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಒಂದೇ ಪದದವು. ಲಾಗ್ ಚಿಕ್ಕದೆಂದು ನಾನು ದೂರುವುದಿಲ್ಲ. ಆದರೆ ಕತ್ತಲಲ್ಲಿ ಅವಸರದಿಂದ ತಿರುಗಿಸಿದ ಮುಚ್ಚಳ ಪೂರ್ತಿ ಕೂರದೆ ಮಳೆನೀರು ಒಳಗಿಳಿದು, ಒಂದೇ ಋತುವಿನಲ್ಲಿ ನಾಲ್ಕು ಸಲ ಹಾಳೆ ಬದಲಿಸಿದ್ದೇನೆ. ಅಂಥ ಪ್ರತಿಯೊಂದು ಸಲವೂ ಹಿಂದಿನ ಭೇಟಿ ಮಧ್ಯರಾತ್ರಿಯ ಹತ್ತಿರದ್ದಾಗಿತ್ತು.

ಇದಕ್ಕಿಂತ ಹೆಚ್ಚು ನೋಯಿಸಿದ್ದು ಮತ್ತೊಂದು ಪ್ರಸಂಗ. ಇನ್ನೊಂದು ಕ್ಯಾಶ್‌ನಲ್ಲಿ ಡಬ್ಬಿ ಸಿಗದೆ ಹೋದ ಒಬ್ಬರು ತಮ್ಮ ಜೇಬಿನಲ್ಲಿದ್ದ ಹಳೆಯ ಫಿಲ್ಮ್ ಡಬ್ಬಿಯೊಂದನ್ನು ಅಲ್ಲೇ ಬಿಸುಟು, ಅದರಲ್ಲಿ ತಾವೇ ಸಹಿ ಮಾಡಿ, ಸಿಕ್ಕಿತೆಂದು ಲಾಗ್ ಹಾಕಿದರು. ಕೇಳಿದಾಗ ಮಾಲೀಕರಿಗೆ ಸಹಾಯ ಮಾಡಿದೆನೆಂದರು. ನನ್ನ ಅಸಲಿ ಡಬ್ಬಿ ಎರಡು ಮೀಟರ್ ಆಚೆ ಕಲ್ಲಿನ ಸಂದಿಯಲ್ಲಿ ಇದ್ದಲ್ಲೇ ಇತ್ತು. ಆಮೇಲೆ ಬಂದವರಲ್ಲಿ ಕೆಲವರಿಗೆ ಅದು, ಕೆಲವರಿಗೆ ಇದು ಸಿಕ್ಕಿ ಒಂದು ತಿಂಗಳು ಗೊಂದಲವೇ ಗೊಂದಲ. ಸರಣಿ ಇಲ್ಲದವರು ಹೀಗೆ ಮಾಡುವುದಿಲ್ಲವೆಂದು ನಾನು ಹೇಳಲಾರೆ. ಆದರೆ ರಾತ್ರಿ 11.40ಕ್ಕೆ ಕೈಯಲ್ಲಿ ಬೇರೆ ಕ್ಯಾಶ್ ಇಲ್ಲದವರಿಗೆ ಈ ಸೆಳೆತ ಹೆಚ್ಚು.

ಮೂರನೆಯಹಂತ:

ಒದ್ದೆಹಾಳೆ ಅವರ ಕೊನೆಯ ವಾಕ್ಯವನ್ನೇ ಹಿಡಿದು ಮುಂದುವರಿಯುತ್ತೇನೆ. ನನ್ನ ಸರಣಿ ಶುರುವಾದದ್ದು 2013ರ ಆಗಸ್ಟ್‌ನಲ್ಲಿ, ತಿಂಗಳ 31 ದಿನಗಳಲ್ಲೂ ಕ್ಯಾಶ್ ಹುಡುಕಿದವರಿಗೆ ಜಾಲತಾಣವು ದಿನಕ್ಕೊಂದು ಡಿಜಿಟಲ್ ಸ್ಮರಣಿಕೆ ಕೊಡುವ ಆಟ ನಡೆದಾಗ. ತಿಂಗಳು ಮುಗಿದ ಮೇಲೂ ನಿಲ್ಲಿಸಲಾಗದೆ 1,000 ದಿನ ದಾಟಿದೆ. ಅಷ್ಟು ದಿನಗಳಲ್ಲಿ ಕಲಿತದ್ದನ್ನು ಹೇಳುವುದಾದರೆ, ದಿನಕ್ಕೊಂದು ಕ್ಯಾಶ್ ಎಂಬ ಮಾತೇ ಮೋಸದ ಮಾತು; ದಿನಕ್ಕೆ ನಾಲ್ಕು ಕ್ಯಾಶ್‌ಗಳ ಸಿದ್ಧತೆ ಇದ್ದರೆ ಒಂದು ಪತ್ತೆ ನಿಶ್ಚಿತ.

ಹತ್ತರಲ್ಲಿ ಒಂದು ಸಲ ಡಬ್ಬಿ ಸಿಗುವುದಿಲ್ಲವೆಂದು ಇಟ್ಟುಕೊಳ್ಳಿ. ದಿನಕ್ಕೆ ಒಂದನ್ನೇ ನೆಚ್ಚಿಕೊಂಡರೆ ಒಂದು ತಿಂಗಳು ಉಳಿಯುವುದೇ ಕಷ್ಟ. ಜೊತೆಗೆ ಒಂದು ಬದಲಿ ಇದ್ದರೆ ಎರಡೂ ಸಿಗದಿರುವ ಸಾಧ್ಯತೆ ನೂರಕ್ಕೆ ಒಂದು. ಕೇಳಲು ಚೆನ್ನಾಗಿದೆ, ಆದರೆ 365 ದಿನವೂ ತಪ್ಪದೆ ಉಳಿಯುವ ಸಾಧ್ಯತೆ ಆಗಲೂ ನೂರಕ್ಕೆ ಎರಡೂವರೆ ಮಾತ್ರ. ಎರಡು ಬದಲಿಗಳಿದ್ದರೆ ಅದು ನೂರಕ್ಕೆ 69ಕ್ಕೆ ಏರುತ್ತದೆ, ಮೂರು ಬದಲಿಗಳಿದ್ದರೆ 96ಕ್ಕೆ. ಈ ಜಿಗಿತ ಕಂಡ ದಿನದಿಂದ ನಾನು ಮೂರು ಬದಲಿಗಳಿಲ್ಲದೆ ಮನೆಯಿಂದ ಹೊರಬಿದ್ದವನಲ್ಲ.

ಬದಲಿಗಳನ್ನು ಆರಿಸುವಾಗ ಕೊನೆಯ ಪತ್ತೆ ಯಾವಾಗ ಆಯಿತೆಂದು ಮೊದಲು ನೋಡುತ್ತೇನೆ. ಕೊನೆಯ ಎರಡು ಲಾಗ್‌ಗಳು ಡಿಎನ್‌ಎಫ್ ಆಗಿದ್ದರೆ ಆ ಕ್ಯಾಶ್ ನನ್ನ ಪಟ್ಟಿಗೆ ಬರುವುದಿಲ್ಲ. ಭೂರಚನೆಯನ್ನು ಗಮನಿಸಿ ಪ್ರಶ್ನೆಗಳಿಗೆ ಉತ್ತರಿಸುವ ಅರ್ಥ್‌ಕ್ಯಾಶ್‌ಗಳಲ್ಲಿ ಡಬ್ಬಿಯೇ ಇಲ್ಲದ ಕಾರಣ ಕಳೆದುಹೋಗುವ ಪ್ರಶ್ನೆಯೂ ಇಲ್ಲ. ಅವನ್ನು ಆಪತ್ಕಾಲಕ್ಕೆಂದು ಮುಟ್ಟದೆ ಇಡುತ್ತೇನೆ. ಬಂಡೆಯ ಪದರ ಎಣಿಸಬೇಕಾದದ್ದು ಕತ್ತಲಲ್ಲಿ ಆಗದು, ಹಾಗಾಗಿ ಪ್ರಶ್ನೆಗಳನ್ನು ಮುಂಚೆಯೇ ಓದಿಟ್ಟುಕೊಂಡಿರಬೇಕು.

ನನ್ನ ಹೆಸರಿನ ಗುಟ್ಟೂ ಇಲ್ಲಿದೆ. ಒಂದು ಹಂತದ ಸುಳಿವು ಮುಂದಿನ ಹಂತಕ್ಕೆ ಒಯ್ಯುವ ಮಲ್ಟಿ ಕ್ಯಾಶ್‌ಗಳ ಮೊದಲ ಹಂತಗಳನ್ನು ಬಿಡುವಿರುವ ದಿನ ಮುಗಿಸಿ, ಕೊನೆಯ ಡಬ್ಬಿಯ ನಿರ್ದೇಶಾಂಕವನ್ನು ಬರೆದಿಟ್ಟುಕೊಂಡು, ಅದನ್ನು ತೆರೆಯದೆ ಬಿಟ್ಟಿರುತ್ತೇನೆ. ಬೇಕಾದ ದಿನ ನೇರವಾಗಿ ಅಲ್ಲಿಗೆ ಹೋದರಾಯಿತು. ಮಿಸ್ಟರಿಗಳೂ ಹಾಗೆಯೇ. ನಿಮ್ಮ ನಕ್ಷೆಯಲ್ಲಿರುವ ಆ 19ನ್ನು ಬಿಡಿಸಲಾಗದವು ಎನ್ನಬೇಡಿ, ಇನ್ನೂ ಬಿಡಿಸಿಲ್ಲದವು ಎನ್ನಿ. ಹೊರಗೆ ಮಳೆ ಸುರಿಯುವಾಗ ಕುರ್ಚಿಯಲ್ಲಿ ಕುಳಿತು ದಾಸ್ತಾನು ಹೆಚ್ಚಿಸಲು ಅವಕಾಶ ಕೊಡುವ ಕ್ಯಾಶ್ ಬೇರೊಂದಿಲ್ಲ.

ಬ್ಯಾಟರಿಶೂನ್ಯ:

ಮೂರನೆಯಹಂತ ಅವರ ಗುಣಾಕಾರದಲ್ಲಿ ಒಂದು ಬಿರುಕಿದೆ. ನಾಲ್ಕೂ ಕ್ಯಾಶ್‌ಗಳು ಒಂದರ ಹಂಗಿಲ್ಲದೆ ಇನ್ನೊಂದು ಕೈಕೊಟ್ಟರೆ ಮಾತ್ರ ಆ ಲೆಕ್ಕ ಸರಿ. ನನ್ನ ಸರಣಿ 203ನೆಯ ದಿನ ಮುರಿದದ್ದು ಡಬ್ಬಿ ಸಿಗದೆ ಅಲ್ಲ. ಫೋನ್ ಸತ್ತು, ಜೊತೆಗೆ ತಂದ ಪವರ್‌ಬ್ಯಾಂಕಿನ ತಂತಿ ಮನೆಯಲ್ಲೇ ಉಳಿದು, ಒಂದೇ ಏಟಿಗೆ ನಾಲ್ಕೂ ಕ್ಯಾಶ್‌ಗಳು ಇಲ್ಲವಾದವು. ಜ್ವರ, ಬಿರುಗಾಳಿ, ಕೆಟ್ಟುನಿಂತ ವಾಹನ, ಎಲ್ಲವೂ ಹೀಗೆಯೇ. ಅಂದಿನಿಂದ ಕಾಗದದ ಮೇಲೆ ಎರಡು ನಿರ್ದೇಶಾಂಕ, ಎರಡು ಸುಳಿವು ಬರೆದಿಟ್ಟುಕೊಳ್ಳುತ್ತೇನೆ. ಅವುಗಳಲ್ಲಿ ಒಂದು ಮನೆಯಿಂದ ನಡೆದೇ ತಲುಪಬಹುದಾದದ್ದು.

ಮೂರನೆಯಹಂತ:

ಒಪ್ಪಿದೆ. ನಡೆದು ತಲುಪುವಂಥ ಒಂದನ್ನು ಎಂಥ ಆಮಿಷ ಬಂದರೂ ಮುಟ್ಟದಿರುವುದೇ ಇದಕ್ಕೆ ಔಷಧಿ. ನಾನು ಅಂಥದೊಂದನ್ನು 700 ದಿನ ಕಾಪಾಡಿದ್ದೆ. ದಿನವೂ ಅದರ ಮುಂದೆಯೇ ಓಡಾಡುತ್ತಿದ್ದೆ, ಮಾಲೀಕರು ಅದನ್ನು ಆರ್ಕೈವ್ ಮಾಡಿ, ಅಂದರೆ ಪಟ್ಟಿಯಿಂದ ತೆಗೆದು, ಮುಚ್ಚಿಬಿಟ್ಟಾರೆಂಬ ಭಯ ಬೇರೆ.

ಕಾಗದಸಾಕ್ಷಿ:

ಎರಡನೆಯ ಪ್ರಶ್ನೆಗೆ ಯಾರೂ ಕೈಹಾಕದಿರುವುದರಿಂದ ನನ್ನ ಅಭಿಪ್ರಾಯ ಹೇಳುತ್ತೇನೆ. ಇದು ಕಟುವಾಗಿ ಕೇಳಿಸಿದರೆ ಕ್ಷಮೆಯಿರಲಿ.

ನಾಗರಿಕರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ ನಿಲ್ಲಿಸಿದ್ದು 2000ದ ಮೇ 2ರಂದು. ಮರುದಿನವೇ ಡೇವ್ ಉಲ್ಮರ್ ಒರೆಗಾನ್‌ನ ಬೀವರ್‌ಕ್ರೀಕ್ ಬಳಿ ಬಕೆಟೊಂದನ್ನು ಇಟ್ಟು ಅದರ ನಿರ್ದೇಶಾಂಕವನ್ನು ಪ್ರಕಟಿಸಿದರು. ಆ ಮೊದಲ ಬಕೆಟ್‌ನಲ್ಲಿಯೂ ಲಾಗ್ ಪುಸ್ತಕ ಮತ್ತು ಪೆನ್ಸಿಲ್ ಇದ್ದವು. ಜಾಲತಾಣ, ಅಂಕಿಅಂಶ ಪುಟ, ಸರಣಿ ಎಲ್ಲವೂ ಆಮೇಲೆ ಬಂದವು. ಹುಡುಕಿದವನು ಅಲ್ಲಿಗೆ ಬಂದಿದ್ದನೆಂಬುದಕ್ಕೆ ಮೊದಲ ದಿನದಿಂದ ಇರುವ ಸಾಕ್ಷಿ ಆ ಹಾಳೆ. ಹಾಳೆಯ ಮೇಲೆ ಪೆನ್ನು ಆಡಿದ ಗಳಿಗೆ ಯಾವ ದಿನಕ್ಕೆ ಸೇರಿತ್ತೋ ಅದೇ ಪತ್ತೆಯ ದಿನಾಂಕ. 12.01 ಆಗಿದ್ದರೆ ಅದು ನಾಳೆಯದು, ನಿನ್ನೆಯದಲ್ಲ.

ಒಂದು ಗೊಂದಲವನ್ನು ಮಾತ್ರ ತಿಳಿಗೊಳಿಸಬೇಕು. ಲಾಗನ್ನು ತಡವಾಗಿ ಬರೆಯುವುದರಲ್ಲಿ ತಪ್ಪೇನೂ ಇಲ್ಲ. ಸೋಮವಾರ ಸಿಕ್ಕದ್ದನ್ನು ಗುರುವಾರ ಕುಳಿತು ಸೋಮವಾರದ ದಿನಾಂಕಕ್ಕೇ ಹಾಕಬಹುದು, ದಿನಾಂಕದ ಮನೆ ಇರುವುದೇ ಅದಕ್ಕಾಗಿ. ಆ್ಯಪ್ ತಾನಾಗಿ ಆ ದಿನದ ದಿನಾಂಕ ತುಂಬಿ, ನಾವು ಗಮನಿಸದೆ ಕಳುಹಿಸಿ, ಸರಣಿಯಲ್ಲಿ ಇಲ್ಲದ ತೂತು ಬಿದ್ದಂತೆ ಕಾಣುವುದೂ ಉಂಟು. ಅದನ್ನು ತಿದ್ದುವುದು ನ್ಯಾಯವೇ. ಶನಿವಾರ ಐದು ಡಬ್ಬಿಗಳಿಗೆ ಸಹಿ ಹಾಕಿ, ಭಾನುವಾರದಿಂದ ದಿನಕ್ಕೊಂದರಂತೆ ಹಂಚುವುದು ಮಾತ್ರ ಬೇರೆಯ ಜಾತಿಯದು. ಹೊರಗಿನವರಿಗೆ ಅದರಿಂದ ನಷ್ಟವಿಲ್ಲವೆಂಬ ವಾದವನ್ನು ಬಲ್ಲೆ. ಆದರೆ ಮುಂದೆ ಬಂದವರು ಕೊನೆಯ ಪತ್ತೆಯ ದಿನಾಂಕ ನೋಡಿಯೇ ಹೊರಡುತ್ತಾರೆ, ಮೂರನೆಯಹಂತ ಅವರು ಮೇಲೆ ಹೇಳಿದಂತೆ. ಶನಿವಾರ ಇದ್ದು ಸೋಮವಾರ ಕಳೆದುಹೋದ ಡಬ್ಬಿಗೆ ಬುಧವಾರದ ಪತ್ತೆ ದಾಖಲಾಗಿದ್ದರೆ ಮಾಲೀಕರು ಹೋಗಿ ನೋಡುವುದೇ ಇಲ್ಲ, ನಾಲ್ಕು ಜನ ಸುಮ್ಮನೆ ಹುಡುಕಿ ವಾಪಸಾಗುತ್ತಾರೆ.

ತುಕ್ಕುಡಬ್ಬಿ:

ದಿನಾಂಕದ ಶಿಸ್ತನ್ನು ಒಪ್ಪಿಕೊಂಡೇ, ಅದರೊಳಗೆ ನ್ಯಾಯವಾಗಿ ಸಿಗುವ ಅನುಕೂಲವನ್ನೂ ಹೇಳಿಬಿಡುತ್ತೇನೆ. ಮಧ್ಯರಾತ್ರಿ ಕಳೆದು 12.10ಕ್ಕೆ ಒಂದು ಡಬ್ಬಿ ತೆರೆದರೆ ಮುಂದಿನದು ಮರುದಿನದ 11.59ರವರೆಗೂ ಬೇಕಾಗಿಲ್ಲ, ನಡುವೆ ಸುಮಾರು 48 ಗಂಟೆಗಳ ಬಿಡುವು. ಶಸ್ತ್ರಚಿಕಿತ್ಸೆಗೆಂದು ದಾಖಲಾಗುವ ಹಿಂದಿನ ರಾತ್ರಿ ನಾನು ಇದನ್ನು ಬಳಸಿದ್ದೇನೆ. ವೈದ್ಯರಿಗೆ ಹೇಳಲಿಲ್ಲ.

ಒದ್ದೆಹಾಳೆ:

ಆ 12.10ರ ಡಬ್ಬಿ ನನ್ನದಾಗಿದ್ದರೆ ಮುಚ್ಚಳ ಬಿಗಿಯಾಗಿತ್ತೇ ಎಂದು ಕೇಳುವ ಹಕ್ಕು ನನಗಿದೆ.

ತುಕ್ಕುಡಬ್ಬಿ:

ಬಿಗಿಯಾಗಿತ್ತು. ಎರಡು ಸಲ ತಿರುಗಿಸಿದ್ದೆ.

ರೇಖಾಂಶ180:

ವಿಮಾನದಲ್ಲಿ ಹೋಗುವವರಿಗೊಂದು ಮಾತು. ಪೆಸಿಫಿಕ್ ಸಾಗರವನ್ನು ಪಶ್ಚಿಮದ ಕಡೆಗೆ ದಾಟುವಾಗ ದಿನಾಂಕ ರೇಖೆಯಲ್ಲಿ ಕ್ಯಾಲೆಂಡರ್ ಒಂದು ದಿನ ಮುಂದಕ್ಕೆ ಜಿಗಿಯುತ್ತದೆ. 10ರ ರಾತ್ರಿ ಹೊರಟು 12ರ ಬೆಳಿಗ್ಗೆ ಇಳಿದರೆ 11ನೆಯ ತಾರೀಕು ಪೂರ್ತಿ ಆಕಾಶದಲ್ಲೇ ಕಳೆದಿರುತ್ತದೆ, ಅಲ್ಲಿ ಯಾವ ಡಬ್ಬಿಯೂ ಇಲ್ಲ. ನನ್ನ 388 ದಿನಗಳು ಹೀಗೆ ಹೋದವು. ಟಿಕೆಟ್ ಕೊಳ್ಳುವಾಗ ಸರಣಿ ನೆನಪಿತ್ತು, ದಿನಾಂಕ ರೇಖೆ ನೆನಪಿರಲಿಲ್ಲ. ಮಧ್ಯರಾತ್ರಿ ಕಳೆದ ಮೇಲೆ ಹೊರಡುವ ವಿಮಾನ ಹಿಡಿದು, ಹತ್ತುವ ಮುನ್ನ ನಿಲ್ದಾಣದ ಹೊರಗೆ 11ರ ಪತ್ತೆಯನ್ನು ಮುಗಿಸಿಕೊಂಡಿದ್ದರೆ ಉಳಿಯುತ್ತಿತ್ತು. ಪೂರ್ವಕ್ಕೆ ಹೋದರೆ ಒಂದೇ ದಿನ ಎರಡು ಸಲ ಬರುತ್ತದೆ. ಅದರಿಂದ ಸರಣಿಗೆ ಲಾಭವಿಲ್ಲ, ಒಂದೇ ತಾರೀಕನ್ನು ಎರಡು ಸಲ ಎಣಿಸಲಾಗದು.

ಇನ್ನೊಂದು ವಿಷಯ: ಸರಣಿ ಮುರಿದ ಮರುದಿನ ನಾನು ಎಲ್ಲಿಗೂ ಹೋಗಲಿಲ್ಲ. ಹಾಗೆ 17 ದಿನ ಕಳೆದವು. ಪತ್ತೆಯಿಲ್ಲದ ದಿನಗಳ ಅತಿ ಉದ್ದದ ಸಾಲನ್ನೂ ಅಂಕಿಅಂಶ ಪುಟ ಅಷ್ಟೇ ನಿಷ್ಠೆಯಿಂದ ತೋರಿಸುತ್ತದೆ.

ನಿತ್ಯಾನ್ವೇಷಿ:

ಒಂಬತ್ತು ದಿನಗಳ ನಂತರ ಉತ್ತರಿಸುತ್ತಿರುವುದಕ್ಕೆ ಎಲ್ಲರ ಕ್ಷಮೆ ಕೋರುತ್ತೇನೆ. ಈ ನಡುವೆ ಸುಮ್ಮನೆ ಕುಳಿತಿರಲಿಲ್ಲ. ಮಿಸ್ಟರಿಗಳಲ್ಲಿ ಐದನ್ನು ಬಿಡಿಸಿದ್ದೇನೆ. ಅವುಗಳಲ್ಲಿ ಒಂದರ ಗೂಢಲಿಪಿ ಎಷ್ಟು ಸರಳವಾಗಿತ್ತೆಂದರೆ ಎರಡು ವರ್ಷ ಅದನ್ನು ದಾಟಿ ಹೋದದ್ದಕ್ಕೆ ನಾಚಿಕೆಯಾಯಿತು. ಮೂರು ಮಲ್ಟಿಗಳ ಹಂತಗಳನ್ನು ಮುಗಿಸಿ ಕೊನೆಯ ಡಬ್ಬಿಗಳನ್ನು ತೆರೆಯದೆ ಬಿಟ್ಟಿದ್ದೇನೆ. ಶನಿವಾರ 30 ಕಿಲೋಮೀಟರ್ ಆಚೆಗೆ ಹೋದವನು ದಾರಿಯಲ್ಲಿದ್ದ ಒಂಬತ್ತರಲ್ಲಿ ಎರಡನ್ನು ಮಾತ್ರ ಹುಡುಕಿ, ಉಳಿದವುಗಳ ಮುಂದೆಯೇ ಹಾದು ಮನೆಗೆ ಬಂದೆ. ಇದು ನನ್ನ ಮಟ್ಟಿಗೆ ಹೊಸ ಅನುಭವ.

ಉತ್ತರ ತಡವಾದದ್ದಕ್ಕೆ ನಿಜವಾದ ಕಾರಣ ಕಾಗದಸಾಕ್ಷಿ ಅವರ ಬರಹ. ನನ್ನ ಎರಡನೆಯ ಪ್ರಶ್ನೆ ಮುಂದಿನ ದಿನಗಳನ್ನು ಕುರಿತದ್ದಾಗಿರಲಿಲ್ಲ. 274ನೆಯ ದಿನ ಕೆಲಸ ಮುಗಿಯುವಾಗಲೇ ರಾತ್ರಿ ಹತ್ತೂವರೆ, ಮೊದಲ ಎರಡು ಡಬ್ಬಿಗಳು ಸಿಗಲಿಲ್ಲ, ಮೂರನೆಯದು ಕೈಗೆ ಬಂದಾಗ ಫೋನ್ 12.20 ತೋರಿಸುತ್ತಿತ್ತು. ಹಾಳೆಯ ಮೇಲೆ ನಾನು ಹಿಂದಿನ ದಿನದ ತಾರೀಕು ಬರೆದೆ, ಲಾಗ್‌ನಲ್ಲಿಯೂ ಅದನ್ನೇ ಹಾಕಿದೆ. 20 ನಿಮಿಷ ತಾನೇ ಎಂದುಕೊಂಡೆ. ಯಾರೂ ಕೇಳಲಿಲ್ಲ, ಕೇಳುವ ಕಾರಣವೂ ಇರಲಿಲ್ಲ.

ಮೊನ್ನೆ ಆ ಡಬ್ಬಿಯ ಹತ್ತಿರ ಹೋಗಿದ್ದೆ. ಹಾಳೆ ಬದಲಾಗಿಲ್ಲ, ನನ್ನ ಬರಹ ಹಾಗೆಯೇ ಇದೆ. ಅದರ ಕೆಳಗೆ ಸರಿಯಾದ ದಿನಾಂಕ ಬರೆದು ಮುಚ್ಚಳವನ್ನು ಬಿಗಿದೆ. ಇಂದು ಬೆಳಿಗ್ಗೆ ಲಾಗ್‌ನ ದಿನಾಂಕವನ್ನೂ ತಿದ್ದಿದೆ. ಅಂಕಿಅಂಶ ಪುಟದಲ್ಲಿ 620 ಇದ್ದ ಜಾಗದಲ್ಲಿ ಈಗ 346 ಇದೆ. ನೋಡಿದ ತಕ್ಷಣ ಹೊಟ್ಟೆಯಲ್ಲಿ ಸಂಕಟವಾದದ್ದು ಸುಳ್ಳಲ್ಲ.

ಒಂದು ವರ್ಷಕ್ಕೆ ಇನ್ನು 19 ದಿನಗಳು ಬೇಕು. ಮೊದಲು ಹೇಳಿದ 16ರಲ್ಲಿ 11 ಉಳಿದಿವೆ, ಬಿಡಿಸಿದ ಮಿಸ್ಟರಿಗಳು ಐದು, ಮಲ್ಟಿಗಳ ಕೊನೆಯ ಡಬ್ಬಿಗಳು ಮೂರು. ಬದಲಿಗಳನ್ನು ಶನಿವಾರ ಬಿಟ್ಟುಬಂದ ಏಳರಿಂದ ತೆಗೆಯಬೇಕು. ನಾಳೆ ಮಳೆಯ ಮುನ್ಸೂಚನೆ ಇರುವುದರಿಂದ ಹತ್ತಿರದ ಮಲ್ಟಿಯ ಕೊನೆಯ ಡಬ್ಬಿಯೊಂದನ್ನು ತೆರೆಯಲಿದ್ದೇನೆ, ಕತ್ತಲಾಗುವ ಮುನ್ನವೇ.